ಮರಗೆಲಸಕ್ಕೆ ಮೊಳೆಯಂತ್ರವನ್ನು ಆರಿಸುವ ಕ್ರಮ

(ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಸೀಮೆಯ ಗ್ರಾಮಮುಖಂಡರ ಹಾಗೂ ಜಮೀನುದಾರರ ಉಪಯೋಗಕ್ಕಾಗಿ)

ಪೀಠಿಕೆ

ಬೇಸಾಯಗಾರನ ಮನೆಯಲ್ಲಿ ಮರಗೆಲಸವು ಎಂದೋ ಒಮ್ಮೆ ಬಂದುಹೋಗುವ ಕೆಲಸವಲ್ಲ. ದನದ ಕೊಟ್ಟಿಗೆಯ ಮಾಡು, ಗೋದಲಿ, ಮೇವಿನ ಅಟ್ಟ, ರೇಷ್ಮೆಹುಳು ಸಾಕುವ ಮನೆಯ ಹಂತಗಳು, ಕೋಳಿಗೂಡು, ಮಾವಿನ ಹಣ್ಣಿನ ಪೆಟ್ಟಿಗೆ, ಬಾಗಿಲು, ಕಿಟಕಿ ಇವುಗಳಲ್ಲಿ ಒಂದಲ್ಲ ಒಂದು ಹೊಸದಾಗಿ ಆಗಬೇಕಾಗಿರುತ್ತದೆ, ಇಲ್ಲವೆ ದುರಸ್ತಿಯನ್ನು ಬೇಡುತ್ತಿರುತ್ತದೆ. ಹಿಂದೆ ಊರಿನ ಆಚಾರಿಯು ಸುತ್ತಿಗೆಯಿಂದ ಒಂದೊಂದೇ ಮೊಳೆಯನ್ನು ಹೊಡೆದು ಈ ಕೆಲಸಗಳನ್ನು ಮುಗಿಸುತ್ತಿದ್ದನು. ಈಗ ಪೇಟೆಯಲ್ಲಿ ‘ನೈಲ್ ಗನ್’ ಎಂಬ ಹೆಸರಿನಿಂದ ಮೊಳೆ ಹೊಡೆಯುವ ಯಂತ್ರಗಳು ಬಗೆಬಗೆಯಾಗಿ ದೊರೆಯುತ್ತವೆ. ಬೆರಳೊತ್ತಿದ ಮಾತ್ರಕ್ಕೆ ಮೊಳೆಯು ತಲೆಯವರೆಗೂ ಮರದೊಳಗೆ ಇಳಿಯುವುದನ್ನು ನೋಡಿದ ಜಮೀನುದಾರರು ಅದನ್ನು ಕೊಳ್ಳಬೇಕೆಂದು ಬಯಸುವುದು ಸಹಜವೇ.

ಆದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಲ್ಪಡುವ ಪ್ರಶ್ನೆಯು ‘ಯಾವ ಯಂತ್ರವು ಹೆಚ್ಚು ಬೇಗ ಹೊಡೆಯುತ್ತದೆ?’ ಎಂಬುದು. ಈ ಪ್ರಶ್ನೆಯು ಮೊದಲು ಕೇಳತಕ್ಕದ್ದಲ್ಲ. ಮರ ಯಾವುದು, ಆ ಮರಕ್ಕೆ ಮೊಳೆ ಯಾವುದು, ಯಂತ್ರವನ್ನು ಹಿಡಿಯುವ ಕೈ ಯಾರದು, ಕೆಳಗೆ ಬಿದ್ದ ಮೊಳೆಯನ್ನು ಯಾವ ನೆಲವು ಹೊರುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ಯಂತ್ರವು ತಾನಾಗಿಯೇ ಗೊತ್ತಾಗುತ್ತದೆ. ಈ ಕ್ರಮವನ್ನು ಬಿಟ್ಟು ವೇಗವನ್ನೇ ನೋಡಿ ಕೊಂಡವರಿಗೆ ಮೂರು ಕಡೆ ನಷ್ಟವುಂಟು: ಗಾಳಿಗೆ ಸಡಿಲುವ ಮಾಡು, ಗಾಯಗೊಳ್ಳುವ ಆಳು, ಕಬ್ಬಿಣ ನುಂಗಿ ಸಾಯುವ ಹಸು. ಮೂರರಲ್ಲಿ ಯಾವುದೂ ಯಂತ್ರದ ಬೆಲೆಗಿಂತ ಕಡಿಮೆಯದಲ್ಲ.

೧. ಯಂತ್ರದ ಸ್ವರೂಪ

ಮೊಳೆಯಂತ್ರದೊಳಗೆ ಒಂದು ಪಿಸ್ಟನ್ನೂ ಅದರ ತುದಿಗೆ ಉಕ್ಕಿನ ಒಂದು ಪಟ್ಟಿಯೂ ಇರುತ್ತವೆ. ಕುದುರೆಯನ್ನು ಒತ್ತಿದಾಗ ಒತ್ತಡದಲ್ಲಿರುವ ಗಾಳಿಯು ಪಿಸ್ಟನ್ನನ್ನು ಒಮ್ಮೆಗೇ ಕೆಳಕ್ಕೆ ನೂಕುತ್ತದೆ. ಪಟ್ಟಿಯು ಗೂಡಿನಲ್ಲಿರುವ ಮೊದಲನೆಯ ಮೊಳೆಯ ತಲೆಗೆ ಬಡಿದು ಅದನ್ನು ಮರದೊಳಕ್ಕೆ ಸೇರಿಸುತ್ತದೆ. ಸುತ್ತಿಗೆಯು ಐದಾರು ಪೆಟ್ಟಿನಲ್ಲಿ ಮಾಡುವುದನ್ನು ಯಂತ್ರವು ಒಂದೇ ಪೆಟ್ಟಿನಲ್ಲಿ ಮಾಡುತ್ತದೆಂಬುದೇ ಇದರ ಗುಟ್ಟು.

ಒತ್ತಿದ ಗಾಳಿಯ ಶಕ್ತಿಯು ಈ ಸೀಮೆಗೆ ಹೊಸದಲ್ಲ. ಮಾರಿಕುಪ್ಪಂ, ಚಾಂಪಿಯನ್ ರೀಫ್ ಮೊದಲಾದ ಕಡೆಗಳ ಗಣಿಗಳಲ್ಲಿ ಬಂಡೆಯನ್ನು ಕೊರೆಯುವ ಯಂತ್ರಗಳು ಇದೇ ಶಕ್ತಿಯಿಂದ ನಡೆದವು. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರದ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಗಣಿಗಳಿಗೆ ಬಂದಿತು. ಚಿನ್ನದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಲ್ಪಟ್ಟವು. ಆದರೂ ಗಣಿಯಲ್ಲಿಯೂ, ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಇಲ್ಲಿನ ಕಾರ್ಖಾನೆಯಲ್ಲಿಯೂ ದುಡಿದ ಮನೆತನಗಳು ಇರುವುದರಿಂದ ಕಂಪ್ರೆಸರನ್ನು ಬಲ್ಲವರು ಈ ಸೀಮೆಯಲ್ಲಿ ದುರ್ಲಭರಲ್ಲ. ಯಂತ್ರವನ್ನು ಕೊಳ್ಳುವ ಮೊದಲು ಅಂಥವರೊಬ್ಬರ ಸಲಹೆಯನ್ನು ಪಡೆಯುವುದು ಯುಕ್ತವು.

೨. ಮೊದಲನೆಯ ಪ್ರಶ್ನೆ: ಮರ

ಎಲ್ಲ ಮರಗಳೂ ಯಂತ್ರದ ಮೊಳೆಯನ್ನು ಒಂದೇ ಬಗೆಯಾಗಿ ಸ್ವೀಕರಿಸುವುದಿಲ್ಲ. ಸಿಲ್ವರ್ ಓಕ್, ಮಾವು ಮೊದಲಾದ ಮೃದುವಾದ ಅಥವಾ ಮಧ್ಯಮ ಗಟ್ಟಿಯ ಮರಗಳಲ್ಲಿ ಮೊಳೆಯು ಸುಲಭವಾಗಿ ಇಳಿಯುತ್ತದೆ. ಒಣಗಿದ ಜಾಲಿ, ಹುಣಿಸೆ, ಹೊನ್ನೆ, ಮತ್ತಿ ಇಂಥ ಗಟ್ಟಿಮರಗಳಲ್ಲಿ ಸಣ್ಣ ಯಂತ್ರದ ಮೊಳೆಯು ಅರ್ಧಕ್ಕೇ ನಿಲ್ಲುತ್ತದೆ ಇಲ್ಲವೆ ಬಾಗುತ್ತದೆ; ದೊಡ್ಡ ಯಂತ್ರವು ಹಲಗೆಯನ್ನೇ ಸೀಳಬಹುದು. ಇವುಗಳಿಗೆ ಬೈರಿಗೆಯಿಂದ ತೂತು ಕೊರೆದು ತಿರುಪುಮೊಳೆಯನ್ನೋ ಬೋಲ್ಟನ್ನೋ ಹಾಕುವ ಹಳೆಯ ಕ್ರಮವೇ ಉತ್ತಮವು.

ನೀಲಗಿರಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಕೋಲಾರ ಜಿಲ್ಲೆಯಲ್ಲಿ ನೀಲಗಿರಿಯ ತೋಪುಗಳು ಬಹಳವಾಗಿ ಬೆಳೆದುದರಿಂದ ಕಂಬಕ್ಕೂ ಜಂತಿಗೂ ಅದನ್ನೇ ಕಡಿದು, ಹಸಿಯಾಗಿರುವಾಗಲೇ ಮೊಳೆ ಹೊಡೆಯುವ ವಾಡಿಕೆಯುಂಟು. ಹಸಿಮರದಲ್ಲಿ ಮೊಳೆಯು ಬಿಗಿಯಾಗಿ ಕುಳಿತಂತೆ ತೋರುತ್ತದೆ. ಮರವು ಒಣಗುತ್ತ ಬಂದ ಹಾಗೆ ಎಳೆಗಳು ಕುಗ್ಗಿ ನುಣುಪಾದ ಮೊಳೆಯ ಹಿಡಿತವು ಬಹಳ ಮಟ್ಟಿಗೆ ಹೋಗುತ್ತದೆ. ಅದಲ್ಲದೆ ಈ ಮರವು ತುದಿಗಳಲ್ಲಿ ಬೇಗ ಸೀಳುತ್ತದೆ. ಆದಕಾರಣ ನೀಲಗಿರಿಯನ್ನು ನೆರಳಿನಲ್ಲಿ ಒಟ್ಟಿ ಒಣಗಿಸಿ ಆಮೇಲೆ ಉಪಯೋಗಿಸತಕ್ಕದ್ದು. ಹಲಗೆಯ ತುದಿಗೆ ತೀರ ಸಮೀಪದಲ್ಲಿ ಮೊಳೆ ಹೊಡೆಯಬಾರದು. ಅಲ್ಲಿ ಹೊಡೆಯಲೇಬೇಕಾದರೆ ಮೊದಲು ತೂತು ಕೊರೆಯತಕ್ಕದ್ದು. ಬಿದಿರಿಗೆ ಮೊಳೆಯಂತ್ರವು ಸಲ್ಲವೇ ಸಲ್ಲದು. ಒಂದೇ ಪೆಟ್ಟಿಗೆ ಗಳವು ಉದ್ದಕ್ಕೂ ಸೀಳುತ್ತದೆ. ಬಿದಿರನ್ನು ಹಗ್ಗದಿಂದಲೋ ತಂತಿಯಿಂದಲೋ ಕಟ್ಟುವುದೇ ಸರಿ.

ಈ ಸೀಮೆಯಲ್ಲಿ ಕೊಟ್ಟಿಗೆಗೂ ಬೇಲಿಗೂ ಕಲ್ಲುಕಂಬಗಳನ್ನು ನಿಲ್ಲಿಸುವುದು ರೂಢಿ. ಮರದ ಹಿಂದೆ ಕಲ್ಲುಕಂಬವಿರುವ ಜಾಗದಲ್ಲಿ ಮೊಳೆಯಂತ್ರವನ್ನು ಎಂದಿಗೂ ಹಿಡಿಯಬಾರದು. ಮೊಳೆಯು ಮರವನ್ನು ದಾಟಿ ಕಲ್ಲಿಗೆ ತಗಲಿದರೆ ಹಿಂದಕ್ಕೆ ಸಿಡಿದು ಹೊಡೆದವನಿಗೇ ಬಂದು ನಾಟಬಹುದು. ಕಲ್ಲಿಗೆ ಮರವನ್ನು ಸೇರಿಸಬೇಕಾದಲ್ಲಿ ಕಂಬಕ್ಕೆ ತೂತು ಕೊರೆದು ಬೋಲ್ಟು ಹಾಕತಕ್ಕದ್ದು. ಹಾಗೆಯೇ ನೇಗಿಲು, ನೊಗ, ಗಾಡಿಯ ಮೂಕಿ ಇವುಗಳು ಕೆಲಸದಲ್ಲಿ ಸದಾ ಅಲುಗಾಡುವುದರಿಂದ ಮೊಳೆಯು ಅಲ್ಲಿ ನಿಲ್ಲಲಾರದು. ಅವಕ್ಕೆ ಆಚಾರಿಯ ಕೀಲು ಮತ್ತು ಬೆಣೆಗಳೇ ಗತಿ.

೩. ಎರಡನೆಯ ಪ್ರಶ್ನೆ: ಮೊಳೆ

ಮೊಳೆಯ ಉದ್ದಕ್ಕೆ ಒಂದು ಸುಲಭವಾದ ಲೆಕ್ಕವುಂಟು. ಮೇಲಿರುವ ತೆಳುವಾದ ತುಂಡಿನ ದಪ್ಪಕ್ಕೆ ಮೂರರಷ್ಟು ಉದ್ದದ ಮೊಳೆಯು ಬೇಕು. ಅಂದರೆ ಮೊಳೆಯ ಮೂರರಲ್ಲೆರಡು ಪಾಲು ಕೆಳಗಿನ ಮರದಲ್ಲಿ ಹುದುಗಿರಬೇಕು. ಉದಾಹರಣೆಗೆ, ಹೆಂಚಿನ ಮಾಡಿನಲ್ಲಿ ೨೫ ಮಿಲಿಮೀಟರ್ ದಪ್ಪದ ರೀಪನ್ನು ಜಂತಿಗೆ ಹೊಡೆಯಲು ೭೫ ಮಿಲಿಮೀಟರ್, ಅಂದರೆ ಮೂರು ಅಂಗುಲದ ಮೊಳೆಯು ಬೇಕಾಗುತ್ತದೆ. ೧೦ ಮಿಲಿಮೀಟರ್ ದಪ್ಪದ ಹಲಗೆಯ ಹಣ್ಣಿನ ಪೆಟ್ಟಿಗೆಗೆ ೩೦ ಮಿಲಿಮೀಟರ್ ಮೊಳೆಯು ಸಾಕು. ಈ ಎರಡು ಮೊಳೆಗಳನ್ನು ಒಂದೇ ಯಂತ್ರವು ಹೊಡೆಯಲಾರದೆಂಬುದನ್ನು ಇಲ್ಲಿಯೇ ಗಮನಿಸಬೇಕು. ‘ಎಲ್ಲ ಕೆಲಸಕ್ಕೂ ಒಂದೇ ಯಂತ್ರ’ ಎಂಬ ಮಾತನ್ನು ನಂಬಲಾಗದು.

ಉದ್ದದಂತೆಯೇ ಮೊಳೆಯ ಮೈಯನ್ನೂ ನೋಡತಕ್ಕದ್ದು. ಮೈಮೇಲೆ ಉಂಗುರದಂತಹ ಗೆರೆಗಳಿರುವ ಮೊಳೆಯು ನುಣುಪು ಮೊಳೆಗಿಂತ ಬಹಳ ಬಿಗಿಯಾಗಿ ಹಿಡಿಯುತ್ತದೆ. ಮಾಡಿಗೂ ನೆಲಹಲಗೆಗೂ ಅದೇ ಯೋಗ್ಯವು. ಕೊಟ್ಟಿಗೆಯಲ್ಲಿ ಗಂಜಲ ಮತ್ತು ಸಗಣಿಯ ತೇವವು ಕಬ್ಬಿಣವನ್ನು ಬೇಗ ತಿನ್ನುವುದರಿಂದ ಅಲ್ಲಿಗೆ ಸತುವಿನ ಲೇಪವುಳ್ಳ ಮೊಳೆಯನ್ನೇ ಕೊಳ್ಳಬೇಕು.

ಇನ್ನೊಂದು ಅಂಶವೇನೆಂದರೆ, ಮೊಳೆಯು ಪಕ್ಕದಿಂದ ಬರುವ ಭಾರವನ್ನು ತಡೆಯುವಷ್ಟು ನೇರವಾಗಿ ಹೊರಕ್ಕೆ ಎಳೆಯುವ ಬಲವನ್ನು ತಡೆಯಲಾರದು. ಏಪ್ರಿಲ್, ಮೇ ತಿಂಗಳುಗಳ ಬಿರುಗಾಳಿಯು ಮಾಡನ್ನು ಮೇಲಕ್ಕೆ ಎತ್ತುವಾಗ ಮೊಳೆಯನ್ನು ಎಳೆಯುವುದು ಈ ಎರಡನೆಯ ಬಗೆಯಿಂದ. ಆದುದರಿಂದ ಜಂತಿಯನ್ನು ತೊಲೆಗೆ ಕೂಡಿಸುವಲ್ಲಿ ಮೊಳೆಯ ಜೊತೆಗೆ ಕಬ್ಬಿಣದ ಪಟ್ಟಿ ಅಥವಾ ಬೋಲ್ಟು ಇರಲೇಬೇಕು. ತಗಡಿನ ಮಾಡಿಗಂತೂ ಯಂತ್ರದ ಮೊಳೆಯನ್ನು ಹೊಡೆಯಲೇಬಾರದು. ಆ ಮೊಳೆಗೆ ರಬ್ಬರಿನ ಬಿಲ್ಲೆಯಿಲ್ಲ, ತಲೆಯೂ ಸಣ್ಣದು; ಮಳೆಯ ನೀರು ತೂತಿನಿಂದ ಇಳಿಯುತ್ತದೆ, ಗಾಳಿಯು ತಗಡನ್ನು ತಲೆಯ ಮೇಲಿನಿಂದ ಹರಿದುಕೊಂಡು ಹೋಗುತ್ತದೆ. ಬಿಲ್ಲೆಯುಳ್ಳ ತಿರುಪುಮೊಳೆ ಅಥವಾ ಕೊಕ್ಕೆಬೋಲ್ಟುಗಳೇ ತಗಡಿಗೆ ತಕ್ಕವು.

೪. ಮೊಳೆಗೆ ತಕ್ಕ ಯಂತ್ರ

ಪೇಟೆಯಲ್ಲಿ ದೊರೆಯುವ ಯಂತ್ರಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ‘ಫ್ರೇಮಿಂಗ್’ ಯಂತ್ರ. ಇದು ೫೦ರಿಂದ ೯೦ ಮಿಲಿಮೀಟರ್ ಉದ್ದದ, ಸುಮಾರು ೩ ಮಿಲಿಮೀಟರ್ ದಪ್ಪದ ಮೊಳೆಯನ್ನು ಹೊಡೆಯುತ್ತದೆ. ಮಾಡು, ಕೊಟ್ಟಿಗೆಯ ಚೌಕಟ್ಟು, ಅಟ್ಟ ಇವುಗಳಿಗೆ ಇದೇ ಬೇಕು. ಎಲ್ಲಕ್ಕಿಂತ ಬಲವುಳ್ಳದ್ದೂ ಎಲ್ಲಕ್ಕಿಂತ ಅಪಾಯಕರವಾದದ್ದೂ ಇದೇ.

ಎರಡನೆಯದು ೧೫ ಅಥವಾ ೧೬ನೆಯ ಗೇಜಿನ ‘ಫಿನಿಷ್’ ಯಂತ್ರ. ಸುಮಾರು ೨೫ರಿಂದ ೬೪ ಮಿಲಿಮೀಟರ್‌ವರೆಗಿನ ಸಣ್ಣ ತಲೆಯ ಮೊಳೆಗಳನ್ನು ಹೊಡೆಯುತ್ತದೆ. ಬಾಗಿಲು ಕಿಟಕಿಗಳ ಅಂಚುಪಟ್ಟಿ, ಕಪಾಟು ಮೊದಲಾದ ನಯಗೆಲಸಕ್ಕೆ ಯೋಗ್ಯವು.

ಮೂರನೆಯದು ೧೮ನೆಯ ಗೇಜಿನ ‘ಬ್ರಾಡ್’ ಯಂತ್ರ. ಇದರ ಮೊಳೆಯು ೧೫ರಿಂದ ೫೦ ಮಿಲಿಮೀಟರ್ ಉದ್ದವೂ ಸುಮಾರು ೧.೨ ಮಿಲಿಮೀಟರ್ ದಪ್ಪವೂ ಆಗಿರುತ್ತದೆ. ತೆಳು ಹಲಗೆಗೂ ಪ್ಲೈವುಡ್ಡಿಗೂ ಒಳ್ಳೆಯದು. ಭಾರ ಹೊರುವ ಯಾವ ಸೇರಿಕೆಗೂ ಸಲ್ಲದು. ಬೆಲೆಯು ಕಡಿಮೆಯೆಂದು ಇದನ್ನು ತಂದು ಕೊಟ್ಟಿಗೆಯನ್ನು ಕಟ್ಟುವುದು ದಬ್ಬಳದಲ್ಲಿ ಹೊಲಿಯಬೇಕಾದ ಗೋಣಿಯನ್ನು ಸೂಜಿಯಲ್ಲಿ ಹೊಲಿದಂತೆಯೇ ಸರಿ.

ನಾಲ್ಕನೆಯದು ಸುರುಳಿಯ ಯಂತ್ರ. ಉಳಿದ ಯಂತ್ರಗಳಲ್ಲಿ ಮೊಳೆಗಳು ಪಟ್ಟಿಯಾಗಿ ಜೋಡಿಸಲ್ಪಟ್ಟಿರುತ್ತವೆ. ದೊಡ್ಡ ಮೊಳೆಗಳಾದರೆ ಪಟ್ಟಿಯೊಂದಕ್ಕೆ ಇಪ್ಪತ್ತರಿಂದ ನಲವತ್ತರವರೆಗೆ ಇರುತ್ತವೆ. ಈ ಯಂತ್ರದಲ್ಲಿ ಸಣ್ಣ ತಂತಿಯಿಂದ ಹೆಣೆದ ೨೦೦ರಿಂದ ೩೦೦ ಮೊಳೆಗಳ ಸುರುಳಿಯು ದುಂಡು ಡಬ್ಬಿಯಲ್ಲಿರುತ್ತದೆ. ಪದೇ ಪದೇ ಮೊಳೆ ತುಂಬುವ ತೊಂದರೆಯಿಲ್ಲದುದರಿಂದ ಪೆಟ್ಟಿಗೆಗಳನ್ನು ಸಾವಿರಗಟ್ಟಲೆ ಮಾಡುವವರಿಗೆ ಇದು ಅನುಕೂಲ.

ಪಟ್ಟಿಯ ಮೊಳೆಗಳನ್ನು ಕೊಳ್ಳುವಾಗ ಅದರ ಓರೆಯನ್ನೂ ಕೇಳತಕ್ಕದ್ದು. ೨೧, ೨೮, ೩೦ರಿಂದ ೩೪ ಡಿಗ್ರಿ ಹೀಗೆ ಓರೆಗಳು ಬೇರೆ ಬೇರೆಯಾಗಿದ್ದು, ಒಂದು ಯಂತ್ರದ ಮೊಳೆಯು ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಯಂತ್ರವನ್ನು ಕೊಳ್ಳುವ ಮೊದಲೇ, ಅದಕ್ಕೆ ತಕ್ಕ ಮೊಳೆಯು ಬಂಗಾರಪೇಟೆಯಲ್ಲಾಗಲಿ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ವರ್ಷವಿಡೀ ದೊರೆಯುವುದೇ ಎಂಬುದನ್ನು ವಿಚಾರಿಸಬೇಕು. ಮೊಳೆ ಸಿಕ್ಕದ ಯಂತ್ರವು ಗೂಟಕ್ಕೆ ನೇತುಹಾಕಿದ ಅಲಂಕಾರವಷ್ಟೆ.

೫. ನಡೆಸುವ ಶಕ್ತಿ

ಗಾಳಿಯಂತ್ರಕ್ಕೆ ಕಂಪ್ರೆಸರು ಬೇಕು. ಚದರ ಅಂಗುಲಕ್ಕೆ ೭೦ರಿಂದ ೧೨೦ ಪೌಂಡಿನ ಒತ್ತಡವು ಸಾಮಾನ್ಯವಾಗಿ ಸಾಕಾಗುತ್ತದೆ. ಯಂತ್ರದ ಮೇಲೆ ಬರೆದಿರುವ ಮಿತಿಯನ್ನು ಎಂದಿಗೂ ಮೀರಬಾರದು. ಒಂದು ಯಂತ್ರಕ್ಕೆ ಒಂದರಿಂದ ಎರಡು ಕುದುರೆಶಕ್ತಿಯ ಮೋಟಾರೂ, ೨೫ರಿಂದ ೫೦ ಲೀಟರಿನ ತೊಟ್ಟಿಯೂ ಉಳ್ಳ ಕಂಪ್ರೆಸರು ಒದಗುತ್ತದೆ. ಹಳ್ಳಿಯಲ್ಲಿ ವೋಲ್ಟೇಜು ಇಳಿದಾಗ ಮೋಟಾರು ಹೊರಡದೆ ಸುಟ್ಟುಹೋಗುವ ಭಯವುಂಟು. ತೆಳುವಾದ ಉದ್ದ ವೈರನ್ನು ಎಳೆದರೆ ವೋಲ್ಟೇಜು ಇನ್ನೂ ಇಳಿಯುತ್ತದೆ. ಆದಕಾರಣ ಕಂಪ್ರೆಸರನ್ನು ವಿದ್ಯುತ್ತಿನ ಹತ್ತಿರದಲ್ಲಿಯೇ ಇಟ್ಟು ಗಾಳಿಯ ಕೊಳವೆಯನ್ನು ಉದ್ದಮಾಡುವುದು ಜಾಣತನ. ಗಾಳಿಯ ಬದಲು ಆಮ್ಲಜನಕದ ಸಿಲಿಂಡರನ್ನಾಗಲಿ ಬೇರೆ ಯಾವ ಅನಿಲದ ಸಿಲಿಂಡರನ್ನಾಗಲಿ ಜೋಡಿಸಕೂಡದು. ಯಂತ್ರವು ಸಿಡಿದು ಪ್ರಾಣಹಾನಿಯಾಗುವ ಸಂಭವವುಂಟು.

ಬ್ಯಾಟರಿಯ ಯಂತ್ರಕ್ಕೆ ಕೊಳವೆಯೂ ಕಂಪ್ರೆಸರೂ ಬೇಡ. ತೋಟದ ಮನೆಗೂ ವಿದ್ಯುತ್ತು ನಿಲುಗಡೆಯಾಗುವ ಸಮಯಕ್ಕೂ ಅನುಕೂಲ. ಆದರೆ ತೂಕವೂ ಬೆಲೆಯೂ ಹೆಚ್ಚು. ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸೊರಗುತ್ತದೆ. ಅನಿಲದ ಡಬ್ಬಿಯಿಂದ ನಡೆಯುವ ಮೂರನೆಯ ಬಗೆಯೂ ಉಂಟು. ಅದರೊಳಗೆ ಅನಿಲವು ಕಿಡಿಯಿಂದ ಹೊತ್ತಿ ಪಿಸ್ಟನ್ನನ್ನು ನೂಕುವುದರಿಂದ, ಹುಲ್ಲಿನ ಬಣವೆ, ಮೇವಿನ ಅಟ್ಟ ಇವುಗಳ ಹತ್ತಿರ ಅದನ್ನು ಉಪಯೋಗಿಸದಿರುವುದು ಕ್ಷೇಮ.

೬. ಮೂರನೆಯ ಪ್ರಶ್ನೆ: ಕೈ ಮತ್ತು ಕುದುರೆ

ಯಂತ್ರದ ಮೂತಿಯಲ್ಲಿ ಒಂದು ಸ್ಪರ್ಶಕವಿರುತ್ತದೆ. ಅದನ್ನು ಮರಕ್ಕೆ ಒತ್ತದ ಹೊರತು ಮೊಳೆಯು ಹಾರದು. ಈ ಸ್ಪರ್ಶಕಕ್ಕೂ ಬೆರಳಿನ ಕುದುರೆಗೂ ಇರುವ ಸಂಬಂಧದಲ್ಲಿ ಎರಡು ಪದ್ಧತಿಗಳುಂಟು. ಕೊಳ್ಳುವವರು ಇದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು.

ಒಂದನೆಯ ಪದ್ಧತಿಯಲ್ಲಿ ಮೂತಿಯನ್ನು ಮೊದಲು ಮರಕ್ಕೆ ಒತ್ತಿ, ಆಮೇಲೆ ಕುದುರೆಯನ್ನು ಎಳೆಯಬೇಕು. ಮುಂದಿನ ಮೊಳೆಗೆ ಎರಡನ್ನೂ ಬಿಟ್ಟು ಮತ್ತೆ ಅದೇ ಕ್ರಮದಲ್ಲಿ ಒತ್ತಬೇಕು. ಇದು ‘ಸೀಕ್ವೆನ್ಷಿಯಲ್’ ಎಂಬ ಅನುಕ್ರಮದ ಕುದುರೆ. ಎರಡನೆಯದರಲ್ಲಿ ಕುದುರೆಯನ್ನು ಹಿಡಿದೇ ಇಟ್ಟುಕೊಂಡು ಮೂತಿಯನ್ನು ಮರಕ್ಕೆ ತಗುಲಿಸುತ್ತ ಹೋದರೆ, ತಗುಲಿದಾಗಲೆಲ್ಲ ಮೊಳೆಯು ಹಾರುತ್ತದೆ. ಇದು ‘ಕಾಂಟ್ಯಾಕ್ಟ್’ ಎಂಬ ತಗುಲುಕುದುರೆ. ಇದು ಬೇಗ ನಡೆಯುತ್ತದೆಂದು ಅಂಗಡಿಯಲ್ಲಿ ಹೊಗಳಲ್ಪಡುತ್ತದೆ. ಆದರೆ ಏಣಿಯ ಮೇಲೆ ನಿಂತವನ ಮೊಣಕಾಲಿಗೋ, ಪಕ್ಕದಲ್ಲಿ ಹಲಗೆ ಹಿಡಿದವನ ಕೈಗೋ ತಗುಲಿದರೂ ಮೊಳೆಯು ಹಾಗೆಯೇ ಹಾರುತ್ತದೆ. ಹೊಡೆತಕ್ಕೆ ಯಂತ್ರವು ಪುಟಿದು ಮತ್ತೆ ಮರಕ್ಕೆ ತಗುಲಿ, ಬೇಡದ ಎರಡನೆಯ ಮೊಳೆಯು ಹೊರಡುವುದೂ ಉಂಟು.

ಈ ಯಂತ್ರಗಳು ಮನೆಮನೆಯಲ್ಲಿರುವ ಅಮೆರಿಕ ದೇಶದಲ್ಲಿ ೨೦೦೧ರಿಂದ ೨೦೦೫ರವರೆಗೆ ವರ್ಷವೊಂದಕ್ಕೆ ಸುಮಾರು ೩೭,೦೦೦ ಮಂದಿ ಮೊಳೆಯಂತ್ರದ ಗಾಯಕ್ಕಾಗಿ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಹೋದರೆಂದು ಲೆಕ್ಕಹಾಕಲಾಗಿದೆ. ಆ ದೇಶದ ಸರ್ಕಾರದ ಸಂಸ್ಥೆಗಳು ೨೦೧೧ರಲ್ಲಿ ಹೊರಡಿಸಿದ ಮಾರ್ಗದರ್ಶಿಯಂತೆ, ತಗುಲುಕುದುರೆಯಿಂದ ಗಾಯವಾಗುವ ಸಂಭವವು ಅನುಕ್ರಮದ ಕುದುರೆಗಿಂತ ಎರಡರಷ್ಟು. ಹಾಗಾದರೆ ವೇಗದಲ್ಲಿ ಲಾಭವೆಷ್ಟು? ಪಳಗಿದ ಬಡಗಿಗಳಿಂದ ಒಂದೇ ಅಳತೆಯ ಸಣ್ಣ ಮರದ ಕಟ್ಟಡಗಳನ್ನು ಎರಡು ಬಗೆಯ ಯಂತ್ರಗಳಲ್ಲೂ ಕಟ್ಟಿಸಿ ನೋಡಿದಾಗ, ಮೊಳೆ ಹೊಡೆಯುವ ಕಾಲದಲ್ಲಿ ಸರಾಸರಿ ನೂರಕ್ಕೆ ಹತ್ತರಷ್ಟು ಉಳಿಯಿತು; ಇಡೀ ಕಟ್ಟಡದ ಕಾಲದಲ್ಲಿ ನೂರಕ್ಕೆ ಒಂದರಷ್ಟೂ ಉಳಿಯಲಿಲ್ಲ. ಅಳೆಯುವುದು, ಕೊಯ್ಯುವುದು, ಎತ್ತಿ ನಿಲ್ಲಿಸುವುದು ಇವುಗಳಿಗೇ ಹೆಚ್ಚಿನ ಹೊತ್ತು ಹಿಡಿಯುವುದೇ ಇದಕ್ಕೆ ಕಾರಣ. ನೂರರಲ್ಲೊಂದು ಪಾಲಿನ ಹೊತ್ತಿಗಾಗಿ ಎರಡರಷ್ಟು ಅಪಾಯವನ್ನು ಮನೆಗೆ ತರುವುದು ವಿವೇಕವಲ್ಲ. ಜಮೀನುದಾರನು ಕೊಳ್ಳುವ ಯಂತ್ರವನ್ನು ಹಿಡಿಯುವವನು ಅನೇಕವೇಳೆ ಕೂಲಿಯ ಆಳು. ವೇಗದ ಲಾಭವು ಒಬ್ಬನದು, ಗಾಯವು ಮತ್ತೊಬ್ಬನದು ಆಗಬಾರದು. ಆದ್ದರಿಂದ ಅನುಕ್ರಮದ ಕುದುರೆಯುಳ್ಳ ಯಂತ್ರವನ್ನೇ ಕೇಳಿ ಕೊಳ್ಳತಕ್ಕದ್ದು.

ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರು ಭಾಷೆಗಳವರೂ ಒಂದೇ ಮಾಡಿನ ಮೇಲೆ ಕೆಲಸ ಮಾಡುತ್ತಾರೆ. ಕೆಲಸದ ಮೊದಲನೆಯ ದಿನವೇ ಯಂತ್ರದ ಎಚ್ಚರಿಕೆಗಳನ್ನು ಪ್ರತಿಯೊಬ್ಬನಿಗೂ ಅವನ ಭಾಷೆಯಲ್ಲಿ ಹೇಳಿ, ‘ನಿಲ್ಲಿಸು’ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಮಾತನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

೭. ನಾಲ್ಕನೆಯ ಪ್ರಶ್ನೆ: ನೆಲ

ಇದುವರೆಗೆ ಹೇಳಿದ ಸಂಗತಿಗಳನ್ನು ಬಡಗಿಯು ಬಲ್ಲನು. ಇನ್ನು ಹೇಳುವುದನ್ನು ದನ ಕಟ್ಟುವವನೇ ಯೋಚಿಸಬೇಕು.

ಹಸುವು ಮೇವನ್ನು ಅಗಿದು ನೋಡಿ ನುಂಗುವ ಪ್ರಾಣಿಯಲ್ಲ. ಮೊದಲು ಬೇಗ ಬೇಗ ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಮೇವಿನಲ್ಲಿ ಮೊಳೆಯೋ ತಂತಿಯ ತುಂಡೋ ಇದ್ದರೆ ಅದೂ ಒಳಗೆ ಹೋಗಿ, ಭಾರವಾಗಿರುವುದರಿಂದ ಜೇನುಗೂಡಿನಂತಹ ಮೈಯುಳ್ಳ ಎರಡನೆಯ ಹೊಟ್ಟೆಯ ತಳದಲ್ಲಿ ನಿಲ್ಲುತ್ತದೆ. ಆ ಹೊಟ್ಟೆಯು ಕುಗ್ಗಿದಾಗಲೆಲ್ಲ ಮೊನೆಯು ಗೋಡೆಯನ್ನು ಚುಚ್ಚುತ್ತದೆ. ಆ ಗೋಡೆಯ ಮುಂದೆ ತೆಳುವಾದ ವಪೆಯೊಂದನ್ನು ಬಿಟ್ಟರೆ ಹೃದಯವೇ ಇದೆ. ಮೊನೆಯು ಅಲ್ಲಿಯವರೆಗೆ ಹೋದರೆ ಹೃದಯದ ಸುತ್ತಲೂ ಕೀವು ತುಂಬಿ ಹಸುವು ಸಾಯುತ್ತದೆ.

ಹಸುವು ಇದ್ದಕ್ಕಿದ್ದಂತೆ ಮೇವು ಬಿಡುವುದು, ಹಾಲು ಒಮ್ಮೆಗೇ ಇಳಿಯುವುದು, ಬೆನ್ನನ್ನು ಕಮಾನಿನಂತೆ ಬಾಗಿಸುವುದು, ಮುಂಗಾಲುಗಳ ಮೊಣಕೈಗಳನ್ನು ಹೊರಕ್ಕೆ ಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ನಡೆಯುವಾಗ ನರಳುವುದು, ಕಡೆಗೆ ಎದೆಯ ಕೆಳಗೆ ನೀರು ತುಂಬಿ ಊದುವುದು ಇವು ಈ ಕಾಯಿಲೆಯ ಲಕ್ಷಣಗಳು. ಇವುಗಳಲ್ಲಿ ಮೊದಲಿನವು ಕಂಡಕೂಡಲೆ ಪಶುವೈದ್ಯರನ್ನು ಕರೆಯಿಸಬೇಕು. ಊತವು ಕಂಡ ಮೇಲೆ ಚಿಕಿತ್ಸೆಯಿಂದ ಫಲವು ಅಪರೂಪ. ಕಬ್ಬಿಣವು ಚುಚ್ಚದಂತೆ ಹಿಡಿದಿಡಲು ಪಶುವೈದ್ಯರು ಹಸುವಿಗೆ ಅಯಸ್ಕಾಂತವನ್ನು ನುಂಗಿಸುವುದೂ ಉಂಟು.

ಇದಕ್ಕೂ ಮೊಳೆಯಂತ್ರದ ಆಯ್ಕೆಗೂ ಏನು ಸಂಬಂಧವೆಂದರೆ, ಸುತ್ತಿಗೆಯಿಂದ ಹೊಡೆಯುವ ಆಚಾರಿಯು ಮೊಳೆಗಳನ್ನು ಎಣಿಸಿ ಚೀಲದಿಂದ ತೆಗೆಯುತ್ತಾನೆ. ಬಾಗಿದ ಮೊಳೆಯನ್ನು ಇಕ್ಕಳದಿಂದ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಯಂತ್ರವು ನೂರಾರು ಮೊಳೆಗಳನ್ನು ಹೊಡೆಯುವಾಗ ತಪ್ಪಿ ಹಾರಿದ ಮೊಳೆಯು ಹುಲ್ಲಿನಲ್ಲಿ ಬಿದ್ದರೆ ಯಾರೂ ನೋಡುವುದಿಲ್ಲ. ಅದಕ್ಕಿಂತ ಹೆಚ್ಚಿನ ಕೇಡು ತಂತಿಯಿಂದ ಹೆಣೆದ ಪಟ್ಟಿ ಮತ್ತು ಸುರುಳಿಗಳಿಂದ ಬರುತ್ತದೆ. ಹೊಡೆತದ ಸಂಗಡ ಆ ತಂತಿಯು ಸಣ್ಣ ಸಣ್ಣ ತುಂಡುಗಳಾಗಿ ನೆಲಕ್ಕೆ ಉದುರುತ್ತದೆ. ಹಸುವನ್ನು ಕೊಲ್ಲಲು ಅಷ್ಟು ತಂತಿಯೇ ಸಾಕು. ಆದುದರಿಂದ ದನವಿರುವ ಅಥವಾ ಮುಂದೆ ದನ ಕಟ್ಟುವ ಜಾಗದಲ್ಲಿ ಸುರುಳಿಯ ಯಂತ್ರವನ್ನು ಉಪಯೋಗಿಸಲೇಬಾರದು. ಕಾಗದದಿಂದ ಅಂಟಿಸಿದ ಮೊಳೆಪಟ್ಟಿಯನ್ನು ಸ್ವೀಕರಿಸುವ ಯಂತ್ರವೇ ಅಲ್ಲಿಗೆ ಯೋಗ್ಯವು. ಗೋದಲಿಯಲ್ಲಿಯೂ ಹಸುವಿನ ನಾಲಿಗೆ ಎಟುಕುವ ಎಡೆಯಲ್ಲಿಯೂ ಮೊಳೆಯನ್ನೇ ಬಿಟ್ಟು ಬೋಲ್ಟಿನಿಂದಲೋ ಮರದ ಕೀಲಿನಿಂದಲೋ ಸೇರಿಸಬೇಕು.

ಕೆಲಸ ಮಾಡುವ ದಿನಗಳಲ್ಲಿ ದನಗಳನ್ನೂ ಮೇವನ್ನೂ ಬೇರೆ ಕಡೆಗೆ ಸಾಗಿಸಿ, ನೆಲದ ಮೇಲೆ ತಾಡಪಾಲನ್ನು ಹಾಸತಕ್ಕದ್ದು. ಪ್ರತಿದಿನ ಸಂಜೆ ಹಗ್ಗಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತವನ್ನು ನೆಲದ ಮೇಲೆ ಎಳೆದು ಮೊಳೆಗಳನ್ನು ಆರಿಸತಕ್ಕದ್ದು. ತುಕ್ಕು ಹಿಡಿಯದ ಉಕ್ಕಿನ ಮೊಳೆಗಳಲ್ಲಿ ಅನೇಕವು ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಕೊಟ್ಟಿಗೆಗೆ ಸತುವಿನ ಲೇಪದ ಸಾಧಾರಣ ಉಕ್ಕಿನ ಮೊಳೆಯೇ ಮೇಲು.

೮. ಕೊಳ್ಳುವುದೋ, ಬಾಡಿಗೆಗೆ ತರುವುದೋ

ಇದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಕೊಟ್ಟಿಗೆಯ ಮಾಡಿನಲ್ಲಿ ೧೬ ಜಂತಿಗಳೂ ಅವುಗಳ ಮೇಲೆ ೨೦ ಸಾಲು ರೀಪುಗಳೂ ಇವೆಯೆಂದು ಭಾವಿಸಿದರೆ, ಸೇರುವ ಎಡೆಗಳು ೩೨೦. ಎಡೆಯೊಂದಕ್ಕೆ ಎರಡರಂತೆ ೬೪೦ ಮೊಳೆಗಳು. ಮೊಳೆಯೊಂದಕ್ಕೆ ಅರ್ಧ ನಿಮಿಷದಂತೆ ಸುತ್ತಿಗೆಯಿಂದ ಹೊಡೆದರೂ ಐದು ಗಂಟೆ ಇಪ್ಪತ್ತು ನಿಮಿಷದ ಕೆಲಸ. ಇಷ್ಟಕ್ಕಾಗಿ ಯಂತ್ರವನ್ನೂ ಕಂಪ್ರೆಸರನ್ನೂ ಕೊಳ್ಳುವುದು ವ್ಯರ್ಥ. ಸ್ವಂತ ಯಂತ್ರವುಳ್ಳ ಆಚಾರಿಯನ್ನು ಕರೆಯಿಸುವುದು ಅಥವಾ ಒಂದು ದಿನಕ್ಕೆ ಬಾಡಿಗೆಗೆ ತರುವುದು ಸಾಕು.

ಮಾವಿನ ಕಾಲಕ್ಕೆ ೫೦೦ ಪೆಟ್ಟಿಗೆಗಳನ್ನು ಮಾಡುವವರ ಲೆಕ್ಕವೇ ಬೇರೆ. ಪೆಟ್ಟಿಗೆಗೆ ೩೨ ಮೊಳೆಯಂತೆ ೧೬,೦೦೦ ಮೊಳೆಗಳು. ಒಂದಕ್ಕೆ ಕಾಲು ನಿಮಿಷವೆಂದರೂ ಸುಮಾರು ೬೭ ಗಂಟೆಗಳು, ಅಂದರೆ ಒಬ್ಬನಿಗೆ ಎಂಟು ದಿನಗಳಿಗೂ ಮೀರಿದ ಕೂಲಿ. ಇಂಥವರು ನಾಲ್ಕೈದು ಮಂದಿ ಕೂಡಿ ಒಂದು ಯಂತ್ರವನ್ನು ಕೊಂಡರೆ ಹಣವು ತಿರುಗಿ ಬರುತ್ತದೆ. ಪೆಟ್ಟಿಗೆಯ ಕೆಲಸಕ್ಕೆ ಮೊಳೆಯ ಆಳವನ್ನು ಹೆಚ್ಚು ಕಡಿಮೆ ಮಾಡುವ ತಿರುಪು ಇರುವ ಯಂತ್ರವನ್ನೇ ಆರಿಸಬೇಕು. ಒಳಕ್ಕೆ ಹೊರಟ ಒಂದು ಮೊನೆಯು ಹಣ್ಣನ್ನು ಗೀರಿದರೆ ಆ ಹಣ್ಣು ಕೊಳೆತು ಸುತ್ತಲಿನವನ್ನೂ ಕೆಡಿಸುತ್ತದೆ. ಪೆಟ್ಟಿಗೆ ಮಾಡುವ ಜಾಗವು ದನದ ಕೊಟ್ಟಿಗೆಗೂ ಹುಲ್ಲಿನ ಕಣಕ್ಕೂ ದೂರವಾಗಿರಲಿ. ಸೇರಿ ಕೊಂಡ ಯಂತ್ರಕ್ಕೆ ಒಬ್ಬನೇ ಜವಾಬ್ದಾರನಿರಬೇಕು. ಎಲ್ಲರ ಯಂತ್ರವು ಯಾರೂ ಎಣ್ಣೆ ಹಾಕದ ಯಂತ್ರವಾಗುತ್ತದೆ.

೯. ಉಪಯೋಗಿಸುವಾಗ ಅನುಸರಿಸತಕ್ಕ ನಿಯಮಗಳು

(ಅ) ಕಣ್ಣಿಗೆ ಗಟ್ಟಿ ಕನ್ನಡಕವನ್ನೂ ಕಿವಿಗೆ ತಡೆಯನ್ನೂ ಧರಿಸದೆ ಯಂತ್ರವನ್ನು ಮುಟ್ಟಬಾರದು.

(ಆ) ಮರವನ್ನು ಹಿಡಿದಿರುವ ಕೈಯು ಮೂತಿಯಿಂದ ಒಂದು ಅಡಿಯಷ್ಟು ದೂರದಲ್ಲಿರಬೇಕು. ಗಂಟಿಗೆ ತಗುಲಿದ ಮೊಳೆಯು ಓರೆಯಾಗಿ ಪಕ್ಕದಿಂದ ಹೊರಡುವುದುಂಟು.

(ಇ) ಏಣಿ ಹತ್ತುವಾಗಲೂ, ಇನ್ನೊಬ್ಬರಿಗೆ ಕೊಡುವಾಗಲೂ, ಸಿಕ್ಕಿಕೊಂಡ ಮೊಳೆಯನ್ನು ತೆಗೆಯುವಾಗಲೂ ಗಾಳಿಯ ಕೊಳವೆಯನ್ನು ಅಥವಾ ಬ್ಯಾಟರಿಯನ್ನು ಮೊದಲು ಕಳಚತಕ್ಕದ್ದು.

(ಈ) ಮೂತಿಯ ಸ್ಪರ್ಶಕವನ್ನು ಕಿತ್ತುಹಾಕುವುದಾಗಲಿ ಕಟ್ಟಿಹಾಕುವುದಾಗಲಿ ಕೂಡದು.

(ಉ) ಗಾಳಿಯಂತ್ರಕ್ಕೆ, ಎಣ್ಣೆ ಬೇಡವೆಂದು ಬರೆದಿದ್ದ ಹೊರತು, ದಿನಕ್ಕೆ ಕೆಲವು ತೊಟ್ಟು ತಕ್ಕ ಎಣ್ಣೆಯನ್ನು ಹಾಕಬೇಕು. ಕಂಪ್ರೆಸರಿನ ತೊಟ್ಟಿಯಲ್ಲಿ ಸೇರಿದ ನೀರನ್ನು ಪ್ರತಿ ಸಂಜೆ ಬಿಡಬೇಕು.

(ಊ) ಮೊಳೆಯು ಮೈಗೆ ನಾಟಿದಲ್ಲಿ ಅದನ್ನು ಅಲ್ಲಿಯೇ ಕೀಳಬಾರದು. ಅಲುಗದಂತೆ ಬಟ್ಟೆಯಿಂದ ಸುತ್ತಿ ಕೂಡಲೆ ಆಸ್ಪತ್ರೆಗೆ ಸಾಗಿಸಬೇಕು. ಗಾಯವು ಹೊರಗೆ ಸಣ್ಣದಾಗಿ ಕಂಡರೂ ಕಾಗದ, ಪ್ಲಾಸ್ಟಿಕ್, ಬಟ್ಟೆಯ ಚೂರುಗಳು ಮೊಳೆಯ ಸಂಗಡ ಒಳಗೆ ಹೋಗಿರಬಹುದು. ವೈದ್ಯರು ಅದನ್ನು ಶುದ್ಧಮಾಡಿ ಧನುರ್ವಾಯುವಿನ ಚುಚ್ಚುಮದ್ದನ್ನು ಕೊಡಬೇಕಾಗುತ್ತದೆ.

(ಋ) ಕೆಲಸ ಮುಗಿದ ಮೇಲೆ ಯಂತ್ರವನ್ನು ಮಕ್ಕಳಿಗೆ ಎಟುಕದಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕತಕ್ಕದ್ದು.

೧೦. ಸಾರಾಂಶ

ಮರವನ್ನು ನೋಡಿ ಮೊಳೆಯನ್ನೂ, ಮೊಳೆಯನ್ನು ನೋಡಿ ಯಂತ್ರವನ್ನೂ ಆರಿಸುವುದು ಸರಿಯಾದ ಕ್ರಮ. ಮಾಡಿಗೆ ಫ್ರೇಮಿಂಗ್ ಯಂತ್ರ, ನಯಗೆಲಸಕ್ಕೆ ಫಿನಿಷ್ ಅಥವಾ ಬ್ರಾಡ್ ಯಂತ್ರ, ಪೆಟ್ಟಿಗೆಗಳಿಗೆ ಸುರುಳಿಯ ಯಂತ್ರ, ಗಟ್ಟಿಮರಕ್ಕೂ ಕಲ್ಲುಕಂಬಕ್ಕೂ ತಗಡಿಗೂ ಯಂತ್ರವೇ ಬೇಡ. ಕುದುರೆಯು ಅನುಕ್ರಮದ್ದಾಗಿರಲಿ. ಕೊಟ್ಟಿಗೆಗೆ ಕಾಗದದ ಪಟ್ಟಿಯ ಮೊಳೆಯಿರಲಿ. ಗೋದಲಿಗೆ ಮೊಳೆಯೇ ಬೇಡ. ಅಲ್ಪ ಕೆಲಸಕ್ಕೆ ಬಾಡಿಗೆಯೇ ಲಾಭಕರ.

ಗ್ರಾಮದ ಹಿರಿಯರು ಈ ವಿಷಯಗಳನ್ನು ತಮ್ಮ ಊರಿನ ಆಚಾರಿಗಳಿಗೂ ಹಾಲು ಉತ್ಪಾದಕರ ಸಂಘದ ಸದಸ್ಯರಿಗೂ ತಿಳಿಯಹೇಳುವುದು ಉಚಿತವು. ಮೊಳೆಯಂತ್ರವನ್ನು ತರುವ ಮನೆಗೆ ಅದರ ಸಂಗಡವೇ ಒಂದು ಅಯಸ್ಕಾಂತವೂ ಒಂದು ಜೊತೆ ಕನ್ನಡಕವೂ ಬರಲಿ. ಅವುಗಳ ಬೆಲೆಯು ಯಂತ್ರದ ಬೆಲೆಯಲ್ಲಿ ಅಲ್ಪಭಾಗ; ಅವು ಉಳಿಸುವುದು ಆಳಿನ ಕಣ್ಣನ್ನು, ಹಟ್ಟಿಯ ಹಸುವನ್ನು.